ಮನೆಗೆ ಮೊದಲ ಪಿಎಚ್‌ಡಿ: ನೆಟ್ ಮೊದಲೋ, ಗೈಡ್ ಮೊದಲೋ, ಅತಿಥಿ ಉಪನ್ಯಾಸಕ ಕೆಲಸ ಮೊದಲೋ?

ಚಾವಡಿ_ನಿರ್ವಾಹಕ:
ಎಂಎ ಮುಗಿಸುತ್ತಿರುವ ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1 ಮತ್ತು 2ಎ ವಿದ್ಯಾರ್ಥಿಗಳಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಿದೆ. ಗುರಿ ಸಹಾಯಕ ಪ್ರಾಧ್ಯಾಪಕ ಹುದ್ದೆ. ಮನೆಯಲ್ಲಾಗಲಿ ಊರಲ್ಲಾಗಲಿ ಆ ಕಡೆ ಹೋದವರಿಲ್ಲ, ಯಾರನ್ನು ಕೇಳುವುದೋ ತಿಳಿಯದು. ಮೊದಲು ನೆಟ್ (ಸಹಾಯಕ ಪ್ರಾಧ್ಯಾಪಕ ಅರ್ಹತೆಯ ರಾಷ್ಟ್ರೀಯ ಪರೀಕ್ಷೆ) ಬರೆಯುವುದೋ, ಪಿಎಚ್‌ಡಿಗೆ ಸೇರುವುದೋ, ಇಲ್ಲ ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿ ಸೇರಿಕೊಂಡು ಆಮೇಲೆ ನೋಡುವುದೋ? ಬಲ್ಲವರು ನಿಯಮ, ಮೊತ್ತ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಬರೆಯಿರಿ. "ಕಷ್ಟಪಟ್ಟರೆ ಫಲ ಸಿಕ್ಕೇ ಸಿಗುತ್ತದೆ" ಥರದ ಕಾಮೆಂಟುಗಳನ್ನು ಅಳಿಸಲಾಗುವುದು. ಮಾನವಿಕ ಮತ್ತು ಸಮಾಜ ವಿಜ್ಞಾನಕ್ಕೆ ಸೀಮಿತವಾಗಿರಲಿ. ವಿಜ್ಞಾನದವರ ನೆಟ್ ಆದ ಸಿಎಸ್‌ಐಆರ್ ವಿಷಯವನ್ನು ಬೇರೆ ಕಡೆ ಮಾತಾಡೋಣ.

ರೋಸ್ಟರ್_ಬಿಂದು:
ಉತ್ತರ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯ ಕೊನೆಯ ಪುಟಗಳಲ್ಲಿದೆ, ಯಾರೂ ತೆಗೆದು ನೋಡುವುದಿಲ್ಲ. ಕೋಷ್ಟಕ 3ಎ ವಿಶ್ವವಿದ್ಯಾಲಯಕ್ಕೆ, 3ಬಿ ಕಾಲೇಜಿಗೆ. ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಎಂಬುದು ಈ 100 ಅಂಕದಲ್ಲಿ ತೀರ್ಮಾನವಾಗುತ್ತದೆ.

3ಎ ಪ್ರಕಾರ ಪದವಿಯಲ್ಲಿ 80% ಮತ್ತು ಮೇಲಿದ್ದರೆ 15 ಅಂಕ, 60ರಿಂದ 80ರೊಳಗೆ 13, 55ರಿಂದ 60ರೊಳಗೆ 10, 45ರಿಂದ 55ರೊಳಗೆ 5. ಸ್ನಾತಕೋತ್ತರದಲ್ಲಿ ಮೊದಲ ಮೂರು ಹಂತಕ್ಕೆ 25, 23, 20. ಮೀಸಲು ವರ್ಗದವರಿಗೆ ಆ 20 ಅಂಕದ ಹಂತ 50%ರಿಂದಲೇ ಶುರು. ಪಿಎಚ್‌ಡಿಗೆ 30. ಜೆಆರ್‌ಎಫ್ (ನೆಟ್‌ನಲ್ಲಿ ಮೇಲಿನ ಅಂಕ ಪಡೆದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್) ಸಹಿತ ನೆಟ್‌ಗೆ 7, ಬರೀ ನೆಟ್‌ಗೆ 5, ಸೆಟ್‌ಗೆ (ರಾಜ್ಯಮಟ್ಟದ ಅರ್ಹತಾ ಪರೀಕ್ಷೆ, ಕರ್ನಾಟಕದ್ದು ಕೆ-ಸೆಟ್) 3. ಲೇಖನವೊಂದಕ್ಕೆ 2ರಂತೆ ಗರಿಷ್ಠ 10. ಬೋಧನೆ ವರ್ಷಕ್ಕೆ 2ರಂತೆ ಗರಿಷ್ಠ 10. ಪ್ರಶಸ್ತಿಗಳಿಗೆ ಗರಿಷ್ಠ 3.

ಈಗ ಲೆಕ್ಕ ಹಾಕಿ. ಬಿಎ 57%, ಎಂಎ 62%, ಕೆ-ಸೆಟ್ ಪಾಸು, ಎರಡು ಲೇಖನ, ನಾಲ್ಕು ವರ್ಷ ಅತಿಥಿ ಉಪನ್ಯಾಸ: 10+23+3+4+8, ಒಟ್ಟು 48. ಅದೇ ಅಭ್ಯರ್ಥಿ ಪಾಠ ಮಾಡದೆ ಜೆಆರ್‌ಎಫ್ ತೆಗೆದು ಪೂರ್ಣಾವಧಿ ಪಿಎಚ್‌ಡಿ ಮುಗಿಸಿದ್ದರೆ 10+23+30+7+4, ಒಟ್ಟು 74. ಕಾಲೇಜಿನ ಕೋಷ್ಟಕದಲ್ಲಿ ಅಂತರ ಸ್ವಲ್ಪ ಕಡಿಮೆ. ಅಲ್ಲಿ ಪಿಎಚ್‌ಡಿಗೆ 25, ಜೆಆರ್‌ಎಫ್‌ಗೆ 10, ನೆಟ್‌ಗೆ 8, ಸೆಟ್‌ಗೆ 5, ಪದವಿಯ 55-60ಕ್ಕೆ 16. ಮೊದಲನೆಯವರದು 56, ಎರಡನೆಯವರದು 78.

2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌ಡಿ ಕಡ್ಡಾಯವಲ್ಲ, ನೆಟ್ ಅಥವಾ ಸೆಟ್ ಸಾಕು ಎಂದು ತಿದ್ದುಪಡಿ ಬಂತು. ಇದನ್ನು ಕೇಳಿ "ಪಿಎಚ್‌ಡಿ ಬೇಕಿಲ್ಲವಂತೆ" ಎಂದು ಬಿಟ್ಟವರಿದ್ದಾರೆ. ಅರ್ಜಿ ಹಾಕಲು ಬೇಕಿಲ್ಲ, ನಿಜ. ಸಂದರ್ಶನದ ಪಟ್ಟಿಯಲ್ಲಿ ಆ 30 ಅಂಕ ಎಲ್ಲಿಂದ ತರುತ್ತೀರಿ? ಬಿಎ ಅಂಕವನ್ನು ಈಗ ಸರಿಪಡಿಸಲಾಗದು. ಹಳ್ಳಿಯ ಕಾಲೇಜಿನಿಂದ ಬಂದವರಿಗೆ ಬಿಎಯಲ್ಲೇ ಮೂರ್ನಾಲ್ಕು ಅಂಕ ಕಳೆದುಹೋಗಿರುತ್ತದೆ. ಅದನ್ನು ತುಂಬಿಕೊಳ್ಳಲು ಇರುವುದು ಪಿಎಚ್‌ಡಿ ಮತ್ತು ಜೆಆರ್‌ಎಫ್.

ಒಂದು ಎಚ್ಚರಿಕೆ. 2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ನಿಯಮ ಹೊರಡಿಸಿತ್ತು. ಅಧಿಸೂಚನೆಯಲ್ಲಿ ಯಾವ ನಿಯಮಾವಳಿ ಎಂದು ಬರೆದಿದೆಯೋ ಅದರ ಕೋಷ್ಟಕವನ್ನೇ ಹಿಡಿಯಿರಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಲೆಕ್ಕ ಇದಲ್ಲ. 2021ರ 1,242 ಹುದ್ದೆಗಳಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಲಿಖಿತ ಪರೀಕ್ಷೆ ನಡೆಸಿತು, ಅಲ್ಲಿ ಪರೀಕ್ಷೆಯ ಅಂಕವೇ ಪ್ರಧಾನ.

ಸಪ್ತಾಪುರ_ಓಣಿ:
ಬಿಂದು ಅವರ ಲೆಕ್ಕ ಬರೋಬ್ಬರಿ ಐತ್ರಿ. ಆದ್ರ ಜೆಆರ್‌ಎಫ್ ಅಂದ್ರ ಬರೇ 7 ಅಂಕ ಅಲ್ಲ, ಐದು ವರ್ಷದ ಊಟದ ಖರ್ಚು. ಅದಕ್ಕ ಎಂಎ ಎರಡನೇ ವರ್ಷದಾಗ ಇದ್ದಾಗನ ನೆಟ್ ಬರೀರಿ. ಕೊನೇ ವರ್ಷದವ್ರಿಗೆ ಅವಕಾಶ ಐತಿ, ಎರಡು ವರ್ಷದೊಳಗ ಎಂಎ ಮುಗಿಸಿ ತೋರಿಸಬೇಕಷ್ಟ. ಜೆಆರ್‌ಎಫ್ ವಯೋಮಿತಿ 30. ಎಸ್‌ಸಿ, ಎಸ್‌ಟಿ, ಕೆನೆಪದರ (ಹಿಂದುಳಿದ ವರ್ಗದೊಳಗಿನ ಸ್ಥಿತಿವಂತರು) ಇಲ್ಲದ ಒಬಿಸಿ, ಅಂಗವಿಕಲರು ಮತ್ತ ಎಲ್ಲಾ ಹೆಣ್ಣಮಕ್ಕಳಿಗೆ 5 ವರ್ಷ ಸಡಿಲಿಕೆ. ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ವಯಸ್ಸಿನ ಮಿತಿ ಇಲ್ಲ.

ಪೇಪರ್ 1ಕ್ಕ 50 ಪ್ರಶ್ನೆ, 100 ಅಂಕ. ಪೇಪರ್ 2ಕ್ಕ 100 ಪ್ರಶ್ನೆ, 200 ಅಂಕ. ಎರಡೂ ಸೇರಿ 3 ತಾಸು. ತಪ್ಪು ಉತ್ತರಕ್ಕ ಅಂಕ ಕಡಿಯಂಗಿಲ್ಲ, ಹಂಗಾಗಿ 150ರಾಗ ಒಂದೂ ಖಾಲಿ ಬಿಡಬ್ಯಾಡ್ರಿ. ಕನ್ನಡ ಮಾಧ್ಯಮದವ್ರು ಸಿಕ್ಕಿಹಾಕ್ಕೊಳ್ಳೋದು ಪೇಪರ್ 1ರಾಗ, ಯಾಕಂದ್ರ ಭಾಷಾ ವಿಷಯ ಬಿಟ್ರ ಪ್ರಶ್ನೆ ಇಂಗ್ಲಿಷ್ ಮತ್ತ ಹಿಂದಿಯೊಳಗ ಅಷ್ಟ ಇರತಾವು. ಹತ್ತು ಘಟಕ, ಘಟಕಕ್ಕ ಐದೈದು ಪ್ರಶ್ನೆ. ಎಲ್ಲಾರೂ ಇಂಗ್ಲಿಷ್ ಗದ್ಯಭಾಗಕ್ಕ ಹೆದರಿ ತಿಂಗಳಾನುಗಟ್ಟಲೆ ಅದನ್ನ ಓದತಾರ. ಅದು ಹತ್ತರಾಗ ಒಂದು ಘಟಕ. ದತ್ತಾಂಶ ವಿಶ್ಲೇಷಣೆ ಮತ್ತ ಗಣಿತದ ಘಟಕದಾಗ ಭಾಷೆ ಕಮ್ಮಿ, ರೂಢಿ ಆದ್ರ ಹತ್ತಕ್ಕ ಎಂಟು ಬರತಾವು. ತರ್ಕದ ಘಟಕದಾಗ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ ಅಂತ ಆರು ಪ್ರಮಾಣ ಕೇಳತಾರ. ಹೆಸರು ನಮಗ ಗೊತ್ತಿರೋ ಭಾಷಾದಾಗ ಅದಾವು, ಉದಾಹರಣೆ ಸಹಿತ ಕಲೀರಿ.

ಜೋಡಿಗೆ ಕೆ-ಸೆಟ್ ಬಿಡಬ್ಯಾಡ್ರಿ. ಪೇಪರ್ ರಚನೆ ಅದ, ಕನ್ನಡದಾಗೂ ಪ್ರಶ್ನೆ ಬರತಾವು. ಕರ್ನಾಟಕದೊಳಗ ಅಷ್ಟ ನಡೀತೈತಿ, ಕೇಂದ್ರೀಯ ವಿಶ್ವವಿದ್ಯಾಲಯಕ್ಕ ಆಗಂಗಿಲ್ಲ.

ಕಬ್ಬನ್_ರೀಡರ್:
2024ರ ಜೂನ್‌ನಿಂದ ನೆಟ್ ಫಲಿತಾಂಶ ಮೂರು ಹಂತದಲ್ಲಿ ಬರುತ್ತೆ: ಜೆಆರ್‌ಎಫ್, ಸಹಾಯಕ ಪ್ರಾಧ್ಯಾಪಕ ಜೊತೆಗೆ ಪಿಎಚ್‌ಡಿ ಪ್ರವೇಶ, ಬರೀ ಪಿಎಚ್‌ಡಿ ಪ್ರವೇಶ. ಎರಡನೇ ಮತ್ತು ಮೂರನೇ ಹಂತದವರ ಅಂಕ ಪಿಎಚ್‌ಡಿ ಪ್ರವೇಶಕ್ಕೆ ಒಂದೇ ವರ್ಷ ಚಾಲ್ತಿ. 70% ನೆಟ್ ಅಂಕ, 30% ಸಂದರ್ಶನ. "ಮುಂದಿನ ವರ್ಷ ಸೇರಿದರಾಯ್ತು" ಅಂತ ಕೂತರೆ ಮತ್ತೆ ಬರೀಬೇಕು.

ನಾಡಕಚೇರಿ_ಸರತಿ:
ಓದಿಗಿಂತ ಕಾಗದಪತ್ರದಲ್ಲಿ ಬಿದ್ದವರೇ ಹೆಚ್ಚು. ಅರ್ಜಿ ಹಾಕುವ ಆರು ತಿಂಗಳು ಮುಂಚೆ ಇಷ್ಟು ಕೈಯಲ್ಲಿರಲಿ.

ರಾಜ್ಯದ ಜಾತಿ ಪ್ರಮಾಣಪತ್ರ: ಎಸ್‌ಸಿ, ಎಸ್‌ಟಿಗೆ ನಮೂನೆ ಡಿ, ಪ್ರವರ್ಗ-1ಕ್ಕೆ ಇ, 2ಎ, 2ಬಿ, 3ಎ, 3ಬಿಗೆ ಎಫ್. ನೆಟ್‌ಗೆ ಮತ್ತು ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಇ ಮತ್ತು ಎಫ್ ನಡೆಯುವುದಿಲ್ಲ. ತಹಶೀಲ್ದಾರರಿಂದ ಕೇಂದ್ರ ಸರ್ಕಾರದ ನಮೂನೆಯ ಒಬಿಸಿ ಪ್ರಮಾಣಪತ್ರ ಬೇರೆಯೇ ಮಾಡಿಸಬೇಕು, ಅದೂ ಸಾಮಾನ್ಯವಾಗಿ ಆ ಆರ್ಥಿಕ ವರ್ಷದ್ದೇ ಬೇಕು ಅನ್ನುತ್ತಾರೆ. ಪ್ರವರ್ಗ-1ಕ್ಕೆ ರಾಜ್ಯದಲ್ಲಿ ಕೆನೆಪದರ ಇಲ್ಲ, ಕೇಂದ್ರದಲ್ಲಿ ಉಂಟು. ಇಲ್ಲಿನ ಪಟ್ಟಿಯಲ್ಲಿರುವ ಕೆಲವು ಜಾತಿಗಳು ಕೇಂದ್ರದ ಪಟ್ಟಿಯಲ್ಲಿಲ್ಲ. ಅಂಥವರು ನೆಟ್‌ನಲ್ಲಿ ಒಬಿಸಿ ಎಂದು ಒತ್ತಿದರೆ ಪರಿಶೀಲನೆಯಲ್ಲಿ ಹೊರಬೀಳುತ್ತಾರೆ.

ಕೆನೆಪದರದ 8 ಲಕ್ಷ ಮಿತಿಗೆ ತಂದೆತಾಯಿಯ ಸಂಬಳ ಮತ್ತು ಬೇಸಾಯದ ಆದಾಯ ಸೇರುವುದಿಲ್ಲ. ಇದನ್ನು ಕೌಂಟರಿನಲ್ಲಿ ಬಿಡಿಸಿ ಹೇಳಬೇಕಾಗಿ ಬರುತ್ತದೆ, ಕೇಂದ್ರದ 1993ರ ಆದೇಶದ ಪ್ರತಿ ಜೊತೆಗಿರಲಿ.

ಕೆಇಎ, ಕೆಪಿಎಸ್‌ಸಿ ನೇಮಕಾತಿಗೆ ಗ್ರಾಮೀಣ ಮೀಸಲು ಮತ್ತು ಕನ್ನಡ ಮಾಧ್ಯಮ ಮೀಸಲು ಎರಡೂ 1ರಿಂದ 10ನೇ ತರಗತಿ ಓದಿದ ಶಾಲೆಯ ಮೇಲೆ ನಿಂತಿವೆ. ಮುಖ್ಯ ಶಿಕ್ಷಕರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಮೂರು ಶಾಲೆ ಬದಲಿಸಿದ್ದರೆ ಮೂರು ಕಡೆಯೂ ಓಡಾಡಬೇಕು. ಪ್ರಮಾಣಪತ್ರದ ದಿನಾಂಕ ಅರ್ಜಿಯ ಕೊನೆಯ ದಿನಾಂಕ ದಾಟಿದ್ದರೆ ಮೀಸಲಾತಿ ಕೈತಪ್ಪುತ್ತದೆ. ಕಲ್ಯಾಣ ಕರ್ನಾಟಕದವರಿಗೆ ಇದರ ಮೇಲೆ 371-ಜೆ (ಆ ಭಾಗದ ಸ್ಥಳೀಯರ ಮೀಸಲಾತಿ) ಪ್ರಮಾಣಪತ್ರ.

ಇನ್ನು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಗೆ, ಆಧಾರ್‌ನಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದದ್ದು, ಬ್ಯಾಂಕಿನಲ್ಲಿ ಇನ್ನೊಂದು. ಫೆಲೋಶಿಪ್ ಹಣ ಆಧಾರ್ ಜೋಡಿಸಿದ ಖಾತೆಗೇ ಬರುವುದರಿಂದ ಇಲ್ಲಿ ಸಿಕ್ಕಿದರೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಹೇಗಿದೆಯೋ ಉಳಿದವನ್ನೆಲ್ಲ ಹಾಗೆಯೇ ತಿದ್ದಿಸಿ. ಲೇಖನ ಬರೆಯುವಾಗಲೂ ಅದೇ ಹೆಸರು.

ಕೊರಗ_ಮಿತ್ರ:
ಎಸ್‌ಟಿಯವರದ್ದು ಬೇರೆ ದಾರಿ ಉಂಟು, ಹೆಚ್ಚಿನವರಿಗೆ ಗೊತ್ತೇ ಇಲ್ಲ. ಬುಡಕಟ್ಟು ವ್ಯವಹಾರಗಳ ಸಚಿವಾಲಯದ ರಾಷ್ಟ್ರೀಯ ಫೆಲೋಶಿಪ್, ವರ್ಷಕ್ಕೆ 750. ಇದಕ್ಕೆ ನೆಟ್ ಬೇಕೂಂತ ಇಲ್ಲ. ಪಿಎಚ್‌ಡಿಗೆ ಸೇರಿರಬೇಕು, ಆಯ್ಕೆ ಸ್ನಾತಕೋತ್ತರ ಅಂಕದ ಮೇಲೆ, ಸಚಿವಾಲಯದ ಪೋರ್ಟಲಿನಲ್ಲಿ ಪ್ರತ್ಯೇಕ ಅರ್ಜಿ. ಜೇನುಕುರುಬ ಮತ್ತು ಕೊರಗ ಸಮುದಾಯಗಳು ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿ ಇರುವ ಕಾರಣ ಅವರಿಗೆ ಅದರೊಳಗೆ ಪ್ರತ್ಯೇಕ ಸ್ಥಾನ ಉಂಟು. ಎಸ್‌ಸಿಯವರ 2,000 ಮತ್ತು ಒಬಿಸಿಯ 1,000 ಫೆಲೋಶಿಪ್ ಮಾತ್ರ ನೆಟ್ ಮೂಲಕವೇ. ನೆಟ್ ಅರ್ಜಿಯಲ್ಲಿ ಆ ಕಾಲಂ ಬರುತ್ತದೆ, ಆಗಲೇ "ಹೌದು" ಕೊಡಬೇಕು.

ಕಲಬುರಗಿ_ತೊಗರಿ:
ಗೈಡ್ ಬಗ್ಗೆ ಯಾರೂ ಬರೀಲಿಲ್ಲ. ಪಿಎಚ್‌ಡಿ ಕೆಡೋದು ಅಲ್ಲೇ.

2022ರ ನವೆಂಬರ್‌ನ ಯುಜಿಸಿ ನಿಯಮದ ಪ್ರಕಾರ ಪ್ರಾಧ್ಯಾಪಕರ ಕೈಕೆಳಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳು. ನಿವೃತ್ತಿಗೆ ಮೂರು ವರ್ಷ ಉಳಿದಿರದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. "ಬನ್ನಿ ನೋಡೋಣ" ಅಂತ ಹೇಳಿ ಒಂದು ವರ್ಷ ಓಡಾಡಿಸಿ ಕೊನೆಗೆ ಜಾಗವಿಲ್ಲ ಅನ್ನೋದು ನಡೀತದ. ಅದಕ್ಕ ಮೊದಲ ಭೇಟಿಯಲ್ಲೇ ಎಷ್ಟು ಜಾಗ ಖಾಲಿ, ಯಾವ ಪ್ರವರ್ಗದ್ದು ಅಂತ ಕೇಳ್ರಿ. ಅದು ಉದ್ಧಟತನ ಅಲ್ಲ, ಪ್ರಕಟಣೆಯಲ್ಲಿ ಹಾಕಬೇಕಾದ ಮಾಹಿತಿ.

ಭೇಟಿಗಿಂತ ಮೊದಲು ಶೋಧಗಂಗಾದಲ್ಲಿ (ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ) ಆ ಗೈಡ್ ಹೆಸರು ಹಾಕಿ ಹುಡುಕ್ರಿ. ಅವರ ಕೈಕೆಳಗೆ ಎಷ್ಟು ಪ್ರಬಂಧ ಮುಗಿದಾವ, ನೋಂದಣಿಯಿಂದ ಪದವಿಗೆ ಎಷ್ಟು ವರ್ಷ ಹಿಡದದ, ಮುಗಿಸಿದವರಲ್ಲಿ ನಮ್ಮಂಥವರು ಯಾರಾದರೂ ಇದ್ದಾರ. ಇದ್ದರೆ ಅವರಿಗೊಂದು ಫೋನ್ ಮಾಡ್ರಿ. ಮನೆ ಕೆಲಸ, ಮಕ್ಕಳ ಪ್ರಾಜೆಕ್ಟು, ಬ್ಯಾಂಕಿನ ಓಡಾಟ ಯಾರು ಮಾಡಿಸ್ತಾರ ಅನ್ನೋದು ಅಲ್ಲಿ ಮಾತ್ರ ತಿಳೀತದ.

ಹೋಗುವಾಗ ಒಂದೇ ಪುಟ ಕೈಯಲ್ಲಿರಲಿ. "ಸಮಗ್ರ ಅಧ್ಯಯನ" ಅಂತ ಶೀರ್ಷಿಕೆ ಇದ್ದರೆ ಅಲ್ಲೇ ಸೋತಂಗ. "ಸುರಪುರ ತಾಲ್ಲೂಕಿನ ಎರಡು ಗ್ರಾಮ ಪಂಚಾಯತಿಗಳಲ್ಲಿ ಉದ್ಯೋಗ ಖಾತ್ರಿ ಕೂಲಿ ಪಾವತಿ ಮತ್ತು ಮಾದಿಗ ಮಹಿಳೆಯರ ಗುಳೆ" ಅಂದ್ರ ಪ್ರಶ್ನೆ, ಜಾಗ, ಜನ ಮೂರೂ ಅಲ್ಲೇ ಇವೆ. ಕೆಳಗೆ ಎರಡು ಸಾಲಿನಲ್ಲಿ ದಾಖಲೆ ಎಲ್ಲಿ ಸಿಗ್ತಾವ ಅಂತ ಬರೀರಿ: ಹಾಜರಿ ಪಟ್ಟಿ, ಸಾಮಾಜಿಕ ಪರಿಶೋಧನೆ ವರದಿ, ಎಷ್ಟು ಮನೆಗಳ ಸಂದರ್ಶನ. ಜಾತಿ ಬಗ್ಗೆ ಕೆಲಸ ಮಾಡ್ತೀವಿ ಅಂದ್ರೆ "ನಿಮ್ಮದೇ ವಿಷಯ, ಪೂರ್ವಗ್ರಹ ಬರ್ತದ" ಅನ್ನುವವರು ಸಿಗ್ತಾರ. ಉತ್ತರ ಜಗಳದಲ್ಲಿಲ್ಲ, ವಿಧಾನದಲ್ಲದ. ಯಾರನ್ನು ಆರಿಸಿದಿರಿ, ಯಾಕೆ, ನಿಮಗೆ ವಿರುದ್ಧವಾದ ಸಾಕ್ಷಿ ಬಂದರೆ ಏನು ಮಾಡ್ತೀರಿ ಅನ್ನೋದು ಬರಹದಲ್ಲಿರಲಿ.

ಸೇರಿದ ಮೇಲೆ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, 55% ಬರಬೇಕು. ಸಂಶೋಧನಾ ಸಲಹಾ ಸಮಿತಿ ಮುಂದೆ ಪ್ರತಿ ಸೆಮಿಸ್ಟರ್ ವರದಿ. ಆ ಸಭೆ ನಡಾವಳಿಯ ಪ್ರತಿ ತಪ್ಪದೆ ತಗೊಳ್ರಿ. ಮುಂದೆ ಗೈಡ್ ಬದಲಿಸೋದು, ಅವಧಿ ವಿಸ್ತರಣೆ ಏನೇ ಬಂದರೂ ನಿಮ್ಮ ಪರ ಇರೋ ದಾಖಲೆ ಅದೊಂದೇ. ಅವಧಿ ಕನಿಷ್ಠ 3, ಗರಿಷ್ಠ 6 ವರ್ಷ, ಮರುನೋಂದಣಿ ಮಾಡಿಸಿ ಇನ್ನೆರಡು. ಮಹಿಳೆಯರಿಗೆ ಮತ್ತು 40%ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಒಟ್ಟು 10ರವರೆಗೆ.

ಹದಿನೈದು_ಗಂಟೆ:
ಎಲ್ಲರೂ ಪೂರ್ಣಾವಧಿ ಪಿಎಚ್‌ಡಿ ಅಂತಿದ್ದೀರಿ. ಜೆಆರ್‌ಎಫ್ ಸಿಗದವರ ಮನೆಯಲ್ಲಿ ಒಲೆ ಉರಿಯೋದು ಹೇಗೆ? ಅತಿಥಿ ಉಪನ್ಯಾಸಕ ಕೆಲಸ ವಾರಕ್ಕೆ 15 ಗಂಟೆ ಪಾಠ, ಉಳಿದ ಹೊತ್ತಿನಲ್ಲಿ ಅರೆಕಾಲಿಕ ಪಿಎಚ್‌ಡಿಗೆ ನಿಯಮದಲ್ಲೇ ಅವಕಾಶ ಇದೆ. ವರ್ಷಕ್ಕೆ 2 ಅಂಕವೂ ಸೇರುತ್ತೆ. ಇದನ್ನು ಕೀಳಾಗಿ ನೋಡಬೇಡಿ.

ರೋಸ್ಟರ್_ಬಿಂದು:
ಕೀಳಾಗಿ ನೋಡುತ್ತಿಲ್ಲ, ಆದರೆ ಆ 2 ಅಂಕವನ್ನು ನಂಬಿ ಕೂರಬೇಡಿ ಎನ್ನುತ್ತಿದ್ದೇನೆ. ಅದೇ 2018ರ ನಿಯಮಾವಳಿಯ 10ನೇ ಷರತ್ತಿನಲ್ಲಿ ಹಿಂದಿನ ಸೇವೆ ಎಣಿಸುವ ಮಾತಿದೆ. ತಾತ್ಕಾಲಿಕ, ಗುತ್ತಿಗೆ ಸೇವೆ ಲೆಕ್ಕಕ್ಕೆ ಬರಬೇಕಾದರೆ ಆ ಹೊತ್ತಿಗೆ ನೆಟ್ ಅಥವಾ ಪಿಎಚ್‌ಡಿ ಅರ್ಹತೆ ಇರಬೇಕು, ಕ್ರಮಬದ್ಧ ಆಯ್ಕೆ ಸಮಿತಿಯ ಮೂಲಕ ನೇಮಕವಾಗಿರಬೇಕು, ಸಂಬಳ ಕಾಯಂ ಸಹಾಯಕ ಪ್ರಾಧ್ಯಾಪಕರ ಒಟ್ಟು ವೇತನಕ್ಕಿಂತ ಕಡಿಮೆ ಇರಬಾರದು. ಅತಿಥಿ ಗೌರವಧನ ಆ ಮಟ್ಟಕ್ಕೆ ಹತ್ತಿರವೂ ಇಲ್ಲ. ಕೆಲವು ವಿಶ್ವವಿದ್ಯಾಲಯಗಳು ಪಟ್ಟಿ ಮಾಡುವಾಗ ಈ ಅನುಭವಕ್ಕೆ ಅಂಕ ಕೊಡುತ್ತವೆ, ಕೆಲವು ಈ ಷರತ್ತನ್ನು ತೋರಿಸಿ ಸೊನ್ನೆ ಹಾಕುತ್ತವೆ. ನೆಟ್ ಪಾಸಾಗುವ ಮೊದಲಿನ ವರ್ಷಗಳಂತೂ ಬಹುತೇಕ ನಷ್ಟ.

ಅತಿಥಿ ಕೆಲಸ ಮಾಡಲೇಬೇಕಾದವರು ಪ್ರತಿ ವರ್ಷದ ನೇಮಕಾತಿ ಆದೇಶ, ಕಾರ್ಯಭಾರ ಪತ್ರ, ಬಿಡುಗಡೆ ಪತ್ರ, ಗೌರವಧನ ಜಮೆಯಾದ ಬ್ಯಾಂಕ್ ಪುಟ ಜೋಡಿಸಿಡಿ. ಪ್ರಾಂಶುಪಾಲರು ಬದಲಾದ ಮೇಲೆ ಹಳೆ ಅನುಭವ ಪತ್ರ ಹೊರಡಿಸುವುದು ದೊಡ್ಡ ರಗಳೆ. ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಅಂಕವೂ ಆ ಪ್ರಮಾಣಕ್ಕೆ ಇಳಿಯುತ್ತದೆ, ಹಾಗಾಗಿ ಪತ್ರದಲ್ಲಿ "ಶೈಕ್ಷಣಿಕ ವರ್ಷ" ಅಂತಲ್ಲ, ದಿನಾಂಕದಿಂದ ದಿನಾಂಕಕ್ಕೆ ಬರೆಸಿ.

ಹದಿನೈದು_ಗಂಟೆ:
ಷರತ್ತು ನಿಜ. ಆದರೂ ಒಂದೆರಡು ವರ್ಷದ ಅತಿಥಿ ಸಂಬಳ ಇಲ್ಲದಿದ್ದರೆ ಎಷ್ಟೋ ಜನ ನೆಟ್ ಅರ್ಜಿಯನ್ನೇ ಹಾಕುತ್ತಿರಲಿಲ್ಲ. ಒಂದು ಮಾತು ಸೇರಿಸಿ: ಫೆಲೋಶಿಪ್ ತಗೊಂಡು ಜೊತೆಗೆ ಅತಿಥಿ ಗೌರವಧನವನ್ನೂ ತಗೊಂಡರೆ ಹಣ ವಸೂಲಿಗೆ ಬರಬಹುದು.

ಮೇಕರ್_ಚೆಕರ್:
ಹಣದ ವಿವರ. 2023ರ ಜನವರಿ 1ರಿಂದ ಜೆಆರ್‌ಎಫ್ ತಿಂಗಳಿಗೆ 37,000, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) 42,000. ಮಾನವಿಕ ವಿಷಯಗಳಿಗೆ ಸಾದಿಲ್ವಾರು (ಸಂಶೋಧನೆಯ ಚಿಲ್ಲರೆ ಖರ್ಚು) ಮೊದಲ ಎರಡು ವರ್ಷ ವರ್ಷಕ್ಕೆ 10,000, ಆಮೇಲೆ ವರ್ಷಕ್ಕೆ 20,500. ಮನೆ ಬಾಡಿಗೆ ಭತ್ಯೆ ಊರಿನ ದರ್ಜೆಯ ಮೇಲೆ: ಬೆಂಗಳೂರು ಎಕ್ಸ್, ಮೈಸೂರು ವೈ. ಹಾಸ್ಟೆಲ್ ಕೊಟ್ಟಿದ್ದರೆ ಭತ್ಯೆ ಇಲ್ಲ.

ಯುಜಿಸಿ ಹಣ ಕೆನರಾ ಬ್ಯಾಂಕ್ ಪೋರ್ಟಲ್ ಮೂಲಕ ಬರುತ್ತದೆ. ವಿಶ್ವವಿದ್ಯಾಲಯದ ಕಚೇರಿಯಲ್ಲಿ ಒಬ್ಬ ಮೇಕರ್, ಒಬ್ಬ ಚೆಕರ್ ಇರುತ್ತಾರೆ. ನೀವು ಕೆಲಸ ಮುಂದುವರಿಸಿದ್ದೀರಿ ಎಂದು ಪ್ರತಿ ತಿಂಗಳು ಒಬ್ಬರು ನಮೂದಿಸಿ ಇನ್ನೊಬ್ಬರು ಅನುಮೋದಿಸಬೇಕು. ಚೆಕರ್ ರಜೆಯ ಮೇಲೆ ಹೋದರೆ ವಿಭಾಗದ ಅಷ್ಟೂ ಜನರ ಹಣ ನಿಲ್ಲುತ್ತದೆ. ದಿಲ್ಲಿಗೆ ಇಮೇಲ್ ಹಾಕುತ್ತಾ ಕೂರುವವರು ಮೊದಲು ಕೆಳಗಿನ ಮಹಡಿಗೆ ಹೋಗಿ ಕೇಳಬೇಕು. ಹಾಜರಿ ಸಹಿ ಮಾಡಿಸಿ ತಿಂಗಳ ಕೊನೆಯಲ್ಲೇ ಕೊಡಿ.

ಇನ್ನೊಂದು ತಡೆ ಎಸ್‌ಆರ್‌ಎಫ್. ಅದು ತಾನಾಗಿ ಆಗುವುದಿಲ್ಲ. ಮೂವರ ಸಮಿತಿ ನಿಮ್ಮ ಪ್ರಗತಿ ನೋಡಿ ಶಿಫಾರಸು ಮಾಡಬೇಕು, ಹೊರಗಿನ ತಜ್ಞರ ದಿನಾಂಕ ಸಿಗಲು ತಡವಾಗುತ್ತದೆ. ಎರಡು ವರ್ಷ ತುಂಬುವ ಮೂರು ತಿಂಗಳು ಮೊದಲೇ ಅರ್ಜಿ ಕೊಡಿ. ಮೊದಲ ಕಂತು ಬರುವವರೆಗೆ ಶುಲ್ಕ, ಮೆಸ್ ಮುಂಗಡ, ಕ್ಷೇತ್ರಕಾರ್ಯದ ಬಸ್ ಖರ್ಚು ಕೈಯಿಂದಲೇ ಹಾಕಬೇಕು. ಸಾಲ ಮಾಡುವುದಿದ್ದರೆ ಆರು ತಿಂಗಳ ಲೆಕ್ಕದಲ್ಲಿ ಮಾಡಿ, ಎರಡು ತಿಂಗಳ ಲೆಕ್ಕದಲ್ಲಲ್ಲ.

ತದ್ರೂಪಿ_ಪತ್ರಿಕೆ:
ಲೇಖನಗಳ ಬಗ್ಗೆ. 2022ರ ನಿಯಮದಲ್ಲಿ ಪ್ರಬಂಧ ಸಲ್ಲಿಸಲು ಲೇಖನ ಕಡ್ಡಾಯವಲ್ಲ, ಆದರೆ ಹಲವು ವಿಶ್ವವಿದ್ಯಾಲಯಗಳು ತಮ್ಮ ನಿಯಮದಲ್ಲಿ ಉಳಿಸಿಕೊಂಡಿವೆ. ಈ ಆತುರವೇ ದಂಧೆಯವರ ಬಂಡವಾಳ. "ಮೂರು ದಿನದಲ್ಲಿ ಪ್ರಕಟಣೆ, ಪ್ರಮಾಣಪತ್ರ ಉಚಿತ" ಎಂದು ವಾಟ್ಸಾಪ್ ಬಂದರೆ ಅದು ನಕಲಿ ಎಂದೇ ತಿಳಿಯಿರಿ.

ಹೆಚ್ಚು ಮೋಸ ಹೋಗುವುದು ತದ್ರೂಪಿ ಜಾಲತಾಣದಲ್ಲಿ. ಒಂದು ನಿಜವಾದ ಪತ್ರಿಕೆ ಮುದ್ರಣದಲ್ಲಿ ಮಾತ್ರ ಇರುತ್ತದೆ, ಅದರ ಹೆಸರು ಮತ್ತು ಐಎಸ್‌ಎಸ್‌ಎನ್ (ಪತ್ರಿಕೆಯನ್ನು ಗುರುತಿಸುವ ಸಂಖ್ಯೆ) ಕದ್ದು ಇನ್ಯಾರೋ ಜಾಲತಾಣ ತೆರೆಯುತ್ತಾರೆ. ಪತ್ತೆ ಹೀಗೆ: ಐಎಸ್‌ಎಸ್‌ಎನ್ ಪೋರ್ಟಲಿನಲ್ಲಿ ಸಂಖ್ಯೆ ಹಾಕಿ ಪ್ರಕಾಶಕರ ಊರು ಮತ್ತು ಮಾಧ್ಯಮ ನೋಡಿ. ಅಲ್ಲಿ "ಮುದ್ರಿತ" ಎಂದಿದ್ದು ನಿಮಗೆ ಬಂದದ್ದು ಆನ್‌ಲೈನ್ ಪಿಡಿಎಫ್ ಆದರೆ ನಿಲ್ಲಿಸಿ. ಇತಿಹಾಸದ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಮೀನುಗಾರಿಕೆ, ಬ್ಯಾಂಕಿಂಗ್, ಯೋಗ ಎಲ್ಲ ಇದ್ದರೆ ನಿಲ್ಲಿಸಿ. ಸಂಪಾದಕ ಮಂಡಳಿಯ ಒಬ್ಬರಿಗೆ ಅವರ ವಿಶ್ವವಿದ್ಯಾಲಯದ ಇಮೇಲಿಗೆ ಬರೆದು ಕೇಳಿ.

ಯುಜಿಸಿ-ಕೇರ್ ಪಟ್ಟಿಯನ್ನು (ಯುಜಿಸಿ ಒಪ್ಪಿದ ಪತ್ರಿಕೆಗಳ ಪಟ್ಟಿ) ನಿಲ್ಲಿಸಿರುವುದಾಗಿ 2025ರ ಫೆಬ್ರವರಿಯಲ್ಲಿ ಪ್ರಕಟಿಸಿದರು. ಈಗ ಯಾವ ಪತ್ರಿಕೆ ಸರಿ ಎಂಬುದು ಸಂಸ್ಥೆಗಳ ತೀರ್ಮಾನ. ಹಾಗಾಗಿ ಈಗಾಗಲೇ ಕೇರ್ ಪಟ್ಟಿಯ ಪತ್ರಿಕೆಯಲ್ಲಿ ಬರೆದವರು ಪ್ರಕಟಣೆಯ ತಿಂಗಳಲ್ಲಿ ಅದು ಪಟ್ಟಿಯಲ್ಲಿತ್ತು ಎಂಬ ಪುಟ ಉಳಿಸಿಕೊಂಡಿರಬೇಕು. ಪರಾಮರ್ಶೆಗೆ ಒಳಪಟ್ಟ ಪತ್ರಿಕೆಯೇ ಎಂದು ಸಾಬೀತುಮಾಡಲು ವಿಮರ್ಶಕರ ಟಿಪ್ಪಣಿಯ ಇಮೇಲ್ ಸಾಕು, ಅಳಿಸಬೇಡಿ.

ದುಡ್ಡು ಕೊಡದೆ ಬರೆಯಲು ಜಾಗ ಇದೆ. ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ ಶುಲ್ಕ ಕೇಳುವುದಿಲ್ಲ, ದೀರ್ಘ ಲೇಖನಕ್ಕೆ 8,000 ಪದಗಳ ಮಿತಿ. ಓದಲು ಲೇಖನ ಸಿಗುವುದಿಲ್ಲ ಎಂಬ ನೆಪವೂ ಈಗ ಕಡಿಮೆಯಾಗಿದೆ: 2025ರ ಜನವರಿಯಿಂದ "ಒಂದು ರಾಷ್ಟ್ರ ಒಂದು ಚಂದಾ" ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ಸಂಸ್ಥೆಗಳಿಗೆ ತೆರೆದಿವೆ. ಗ್ರಂಥಪಾಲಕರಿಂದ ಲಾಗಿನ್ ಪಡೆಯಿರಿ.

ಅರ್ಕಾವತ್ತು:
ಕನ್ನಡದಲ್ಲಿ ಪ್ರಬಂಧ ಬರೆಯುವವರಿಗೆ: ಮೊದಲ ದಿನದಿಂದ ಯೂನಿಕೋಡ್. ಹಳೆಯ ನುಡಿ ಆಸ್ಕಿ ಫಾಂಟಿನಲ್ಲಿ ಟೈಪಿಸ್ಟ್ ಮಾಡಿಕೊಟ್ಟ ಕಡತ ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಸಾಮ್ಯತೆ ಪರೀಕ್ಷಿಸುವ ತಂತ್ರಾಂಶಕ್ಕೆ ಅದು ಓದಲು ಬಾರದು, ಶೋಧಗಂಗಾದ ಹುಡುಕಾಟದಲ್ಲೂ ಸಿಗದು. ಕೊನೆಯಲ್ಲಿ ಒಟ್ಟಿಗೆ ಪರಿವರ್ತಿಸಿದರೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ನಡುವೆ ಇದ್ದ ಇಂಗ್ಲಿಷ್ ಪದಗಳೆಲ್ಲ ಅರ್ಥವಿಲ್ಲದ ಕನ್ನಡವಾಗುತ್ತವೆ, ಅಡಿಟಿಪ್ಪಣಿಯ ಅಂಕಿಗಳು ಕದಲುತ್ತವೆ. ಒಂದೊಂದೇ ಅಧ್ಯಾಯ ಪರಿವರ್ತಿಸಿ, ಮುದ್ರಿತ ಪ್ರತಿ ಪಕ್ಕದಲ್ಲಿಟ್ಟು ಓದಿ.

ಯುಜಿಸಿಯ 2018ರ ನಿಯಮದಲ್ಲಿ ಸಾಮ್ಯತೆ 10%ವರೆಗೆ ದಂಡವಿಲ್ಲ. 10ರಿಂದ 40ಕ್ಕೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಕೆ, 40ರಿಂದ 60ಕ್ಕೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದಕ್ಕೂ ಮೇಲಾದರೆ ನೋಂದಣಿ ರದ್ದು. ಆಕರ ಕೊಟ್ಟು ಉದ್ಧರಿಸಿದ ಭಾಗ ಮತ್ತು ಗ್ರಂಥಋಣ ಲೆಕ್ಕಕ್ಕಿಲ್ಲ. ವರದಿ ತೆಗೆಯುವವರು ಅವನ್ನು ಹೊರಗಿಟ್ಟರೇ ಎಂದು ಪಕ್ಕದಲ್ಲಿ ನಿಂತು ನೋಡಿ.

ಕಬ್ಬನ್_ರೀಡರ್:
ಸಂದರ್ಶನದಲ್ಲಿ ಮೀಸಲು ಹುದ್ದೆಗೆ "ಅರ್ಹರು ಸಿಗಲಿಲ್ಲ" ಅಂತ ಬರೆದು ಖಾಲಿ ಬಿಡ್ತಾರಲ್ಲ, ಅದಕ್ಕೇನು ಮಾಡೋದು?

ರೋಸ್ಟರ್_ಬಿಂದು:
ಮೊದಲು ಸಮಿತಿಯ ರಚನೆ ನೋಡಿ. ಅಭ್ಯರ್ಥಿಗಳಲ್ಲಿ ಎಸ್‌ಸಿ, ಎಸ್‌ಟಿ, ಒಬಿಸಿ, ಅಲ್ಪಸಂಖ್ಯಾತ, ಮಹಿಳೆ ಅಥವಾ ಅಂಗವಿಕಲರಿದ್ದು ಸದಸ್ಯರಲ್ಲಿ ಆ ವರ್ಗದವರು ಯಾರೂ ಇಲ್ಲದಿದ್ದರೆ, ಆ ವರ್ಗದ ಒಬ್ಬ ಶಿಕ್ಷಣತಜ್ಞರನ್ನು ಕುಲಪತಿ ನೇಮಿಸಬೇಕು. ಕೋರಂ ನಾಲ್ವರು, ಅದರಲ್ಲಿ ಇಬ್ಬರು ಹೊರಗಿನ ವಿಷಯ ತಜ್ಞರು. ಫಲಿತಾಂಶದ ನಂತರ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ನಿಮ್ಮ ಅಂಕ, ಸಮಿತಿ ನಡಾವಳಿ, ಆ ಹುದ್ದೆಯ ರೋಸ್ಟರ್ (ಯಾವ ಹುದ್ದೆ ಯಾವ ವರ್ಗಕ್ಕೆ ಎಂಬ ಪಟ್ಟಿ) ಪುಟ ಕೇಳಿ. ಉತ್ತರಕ್ಕೆ 30 ದಿನ. ಕೇಂದ್ರೀಯ ಸಂಸ್ಥೆಗಳಲ್ಲಿ 2019ರ ಕಾಯ್ದೆಯ ಪ್ರಕಾರ ಇಡೀ ವಿಶ್ವವಿದ್ಯಾಲಯವೇ ರೋಸ್ಟರಿನ ಘಟಕ, ವಿಭಾಗವಲ್ಲ. ವಿಭಾಗವಾರು ಲೆಕ್ಕ ತೋರಿಸಿದರೆ ಅದೇ ಆಕ್ಷೇಪಣೆಗೆ ಆಧಾರ.

ಬಳ್ಳಾರಿ_ಜಾಲಿ:
ಅಕ್ಕಂದಿರಿಗೆ ಎರಡು ಪ್ರಶ್ನೆ. ಮದುವೆಯಾಗಿ ಊರು ಬದಲಾದರೆ ನೋಂದಣಿ ಹೋಗುತ್ತದೆಯೇ? ಗೈಡ್ ನಡುವೆ ನಿವೃತ್ತರಾದರೆ?

ಕಲಬುರಗಿ_ತೊಗರಿ:
ಹೋಗಲ್ಲ ತಂಗಿ. ಮದುವೆ ಅಥವಾ ಬೇರೆ ಕಾರಣಕ್ಕೆ ಊರು ಬಿಡೋ ಮಹಿಳೆಯರು ಸಂಶೋಧನಾ ದತ್ತಾಂಶವನ್ನು ಹೊಸ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿಕೊಳ್ಳಬಹುದು ಅಂತ 2022ರ ನಿಯಮದಲ್ಲೇ ಅದ. ಹಳೆ ಗೈಡ್ ಮತ್ತು ಸಂಸ್ಥೆಗೆ ಆಗಿರೋ ಕೆಲಸದ ಶ್ರೇಯ ಕೊಡಬೇಕು. ಹೊಸ ಕಡೆ ಗೈಡ್ ಒಪ್ಪಿಗೆ ಪತ್ರ ಕೈಗೆ ಬರೋವರೆಗೂ ಹಳೆ ಕಡೆ ಏನೂ ಬಿಡಬೇಡ. ಹೆರಿಗೆ ಮತ್ತು ಶಿಶುಪಾಲನೆಗೆ ಇಡೀ ಅವಧಿಯಲ್ಲಿ 240 ದಿನ ರಜೆ ಅದ, ಲಿಖಿತ ಅರ್ಜಿ ಕೊಟ್ಟು ಮಂಜೂರಾತಿ ಪ್ರತಿ ತಗೋ. ಗೈಡ್ ನಿವೃತ್ತರಾದರೆ ಸಹ ಮಾರ್ಗದರ್ಶಕರಾಗಿ 70 ವಯಸ್ಸಿನವರೆಗೆ ಇರಬಹುದು, ಆದರೆ ಮುಖ್ಯ ಗೈಡ್ ಹೊಸಬರು ಆಗಬೇಕು. ನಿವೃತ್ತಿ ದಿನಕ್ಕಿಂತ ಮುಂಚಿನ ಸಲಹಾ ಸಮಿತಿ ಸಭೆಯಲ್ಲೇ ಅವರ ಹೆಸರು ನಡಾವಳಿಗೆ ಹತ್ತಿಸು. ಆಮೇಲೆ ಮಾಡೋಣ ಅಂದ್ರ ಸಹಿ ಹಾಕೋರೇ ಇರಲ್ಲ.